ಅರ್ಥ ಬೇಡ, ಓದಿ

ನನ್ನ ಗಂಟಲು ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ದಾದರಿನ ನಮ್ಮ ಬಿಲ್ಡಿಂಗಿನವರು ಯಾರಾದರೂ ಬಂದು ಹೇಳುತ್ತಾರೆ. ಒಂದೇ ಕೋಣೆಯಲ್ಲಿ ನಲವತ್ತೆಂಟು ಮಕ್ಕಳನ್ನು ತುಂಬಿಕೊಂಡು, ಕಿಟಕಿಯಾಚೆ ಟ್ರಾಮ್ ಗಣಗಣ ಎನ್ನುತ್ತಿರುವಾಗ, ಕನ್ನಡ ಶಾಲೆಯಲ್ಲಿ ಛಂದಸ್ಸು ಕಲಿಸಿದವಳು ನಾನು. ಪಿಸುಮಾತಿನಲ್ಲಿ ಲಘು ಗುರು ಹೇಳಿಕೊಟ್ಟವರನ್ನು ನಾನಂತೂ ನೋಡಿಲ್ಲ.

ಮನೆಯಲ್ಲೂ ಅದೇ ಗಂಟಲು. ಬೆಳಗ್ಗೆ ಸ್ನಾನ ಮುಗಿಸಿ ನಾನೂ ನಮ್ಮ ಅತ್ತೆ ಪುಟ್ಟಲಕ್ಷ್ಮಮ್ಮನವರೂ ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದೆವು. ಅತ್ತೆ ಸೊಸೆ ಒಮ್ಮತದಿಂದ ಮಾಡುತ್ತಿದ್ದ ಕೆಲಸ ದಿನಕ್ಕೆ ಅದೊಂದೇ. ೧೯೫೪ರ ಮಳೆಗಾಲ ಕಳೆದ ಹೊಸದರಲ್ಲಿ ಒಂದು ಭಾನುವಾರ ಸ್ತೋತ್ರ ಮುಗಿದು ಮಂಗಳಾರತಿ ಎತ್ತುವ ಹೊತ್ತಿಗೆ ನೋಡಿದರೆ, ಬಾಗಿಲ ಚೌಕಟ್ಟನ್ನು ತಡವಿಕೊಂಡು ಎದುರು ಮನೆಯ ಮಿಸೆಸ್ ಲೋಬೊ ನಿಂತಿದ್ದರು. ಗಲಾಟೆ ಜಾಸ್ತಿಯಾಯಿತೆಂದು ಜಗಳಕ್ಕೇ ಬಂದರು ಅಂದುಕೊಂಡು ನಾನೂ ಸೆರಗು ಸಿಕ್ಕಿಸಿಕೊಂಡೆ.

ಮಿಸೆಸ್ ಲೋಬೊ ಇಟಲಿಯವರು. ಹಡಗಿನ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದ ಮಂಗಳೂರು ಕಡೆಯ ಕ್ರಿಸ್ತುವರೊಬ್ಬರನ್ನು ಮದುವೆಯಾಗಿ ಮೂವತ್ತು ವರ್ಷದ ಹಿಂದೆ ಮುಂಬಯಿಗೆ ಬಂದವರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಿಯಾನೋ ಪಾಠ ಹೇಳಿಕೊಂಡು ಬದುಕುತ್ತಿದ್ದರು. ಆ ಹೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ಬಲಿಯಲಿ, ಆಮೇಲೆ ಆಪರೇಷನ್ ಮಾಡೋಣ ಎಂದು ಡಾಕ್ಟರು ಕಾಯಿಸುತ್ತಿದ್ದರು. ಪಿಯಾನೋಕ್ಕೆ ಕಣ್ಣು ಬೇಕಿರಲಿಲ್ಲ, ಮಿಕ್ಕ ಎಲ್ಲಕ್ಕೂ ಬೇಕಿತ್ತು. ನಾವಿಬ್ಬರೂ ಮಾತಾಡುತ್ತಿದ್ದುದು ಮುಂಬಯಿ ಹಿಂದಿಯಲ್ಲಿ. ಆ ಹಿಂದಿಯ ಲಿಂಗ ವಚನಗಳಿಗೆ ಅವರೂ ಮರ್ಯಾದೆ ಕೊಟ್ಟವರಲ್ಲ, ನಾನೂ ಅಲ್ಲ. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ದಿನಾ ಬೆಳಗ್ಗೆ ಓದ್ತೀರಲ್ಲ ಟೀಚರ್, ಅದರ ಅರ್ಥ ನಿಮಗೆ ಗೊತ್ತಾ?" ಎಂದು ಕೇಳಿದರು.

ನಾನು ಮೈಸೂರಿನ ಪಂಡಿತರೊಬ್ಬರ ಮಗಳು. "ಸುಮಾರಾಗಿ ಗೊತ್ತು" ಎಂದೆ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ, ಆದರೆ ನನ್ನ ಮಾನ ಕಳೆಯುವಷ್ಟು ಬರುತ್ತಿತ್ತು. "ಕುಛ್ ನಹೀ ಮಾಲೂಮ್! ಬರೀ ಗಿಣಿಪಾಠ" ಎಂದರು.

ಮಿಸೆಸ್ ಲೋಬೊ ಮುಖ ಅರಳಿತು. "ಹಾಗಾದರೆ ನಾನು ಹುಡುಕ್ತಾ ಇದ್ದದ್ದು ನಿಮ್ಮನ್ನೇ."

ಅವರ ಮನೆಯಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ, ಊರಿನಿಂದ ತಂಗಿ ಬರೆದ ಮೂರು ಕಾಗದಗಳಿದ್ದವು. ಮೂರೂ ಬಂದದ್ದು ಅವರ ಕಣ್ಣು ಮಂಜಾದ ಮೇಲೆ, ಒಂದನ್ನೂ ಓದಿರಲಿಲ್ಲ. ಓದಿಸಿಕೊಳ್ಳಲು ಚರ್ಚಿನ ಪಾದ್ರಿಗಳಿಲ್ಲವೆ, ಅವರಿಗೆ ಇಟಲಿಯ ಭಾಷೆ ಬರುತ್ತದಲ್ಲ ಎಂದು ನಾನು ಕೇಳಿದೆ.

"ಬರುತ್ತೆ. ಅದಕ್ಕೇ ಬೇಡ. ಅವರು ಓದ್ತಾ ಓದ್ತಾ ನನ್ನ ಮುಖ ನೋಡ್ತಾರೆ, ಓದಿ ಮುಗಿಸಿ ಸಮಾಧಾನ ಹೇಳ್ತಾರೆ. ನನಗೆ ಸಮಾಧಾನ ಹೇಳದೆ ಓದುವವರು ಬೇಕು. ಅಕ್ಷರ ಇಂಗ್ಲಿಷಿನದೇ, ನಿಮಗೆ ಕಷ್ಟ ಇಲ್ಲ. ಅರ್ಥ ಬೇಡ, ಓದಿ. ಅರ್ಥ ಕೇಳೋದಿಲ್ಲ, ಹುಡುಕೋದಿಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಅರ್ಥ ತಿಳಿಯದೆ ಗಟ್ಟಿಯಾಗಿ ಓದುವುದರಲ್ಲಿ ನಮ್ಮ ಮನೆತನವನ್ನು ಮೀರಿಸಿದವರು ಯಾರಿದ್ದಾರೆ? ಅವತ್ತೇ ಮಧ್ಯಾಹ್ನ ಮೊದಲ ಕಾಗದ ಬಿಚ್ಚಿ, ಶಾಲೆಯ ಗಂಟಲಿನಲ್ಲಿ ಇಂಗ್ಲಿಷ್ ಓದಿದ ಹಾಗೆ ಒಂದು ಪುಟ ಓದಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಮಿಸೆಸ್ ಲೋಬೊ ತಲೆ ಓರೆ ಮಾಡಿಕೊಂಡು ಕಡೆಯವರೆಗೂ ಕೇಳಿ, ಮೃದುವಾಗಿ, "ಟೀಚರ್, ಇದು ಯಾವ ಭಾಷೆ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅವರ ಮೇಲಲ್ಲ, ನನ್ನ ಮೇಲೇ. ಮುಂದಿನ ಭಾನುವಾರ ಒಂದು ಹೊಸ ನೋಟ್‌ಬುಕ್ ತೆಗೆದುಕೊಂಡು ಹೋದೆ.

ಭಾನುವಾರದ ಮಧ್ಯಾಹ್ನಗಳು ಹೀಗೆ ಶುರುವಾದವು. ನಾನು ಕಾಗದದ ಅಕ್ಷರಗಳನ್ನು ಒಂದೊಂದಾಗಿ ಹೇಳುವುದು, ಅವರು ಉಚ್ಚಾರ ಹೇಳುವುದು, ನಾನು ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು. ಆಮೇಲೆ ಪದವನ್ನು ತುಂಡು ಮಾಡುವುದು. ಇಂಗ್ಲಿಷಿನಂತಲ್ಲ ಈ ಭಾಷೆ, ಬರೆದ ಸ್ವರವನ್ನು ನುಂಗುವುದಿಲ್ಲ. ಸ್ವರಕ್ಕೊಂದು ತುಂಡು ಎಂದು ಹಿಡಿದರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಒಂದೇ ವ್ಯಂಜನ ಜೋಡಿಯಾಗಿ ಬಂದರೆ ಎರಡನ್ನೂ ಬೇರೆ ಮಾಡಬೇಕು: ಸೊ-ರೆಲ್-ಲ, ಗಲ್-ಲಿ-ನ. ನಾವು ಒತ್ತಕ್ಷರವನ್ನು ಕೆಳಗೆ ನೇತುಹಾಕುತ್ತೇವೆ, ಅವರು ನಡುವೆ ಸೀಳುತ್ತಾರೆ. ಆದರೆ 'ಸ'ಕಾರ ಇನ್ನೊಂದು ವ್ಯಂಜನದ ಜೊತೆ ಬಂದರೆ ಸೀಳುವ ಹಾಗಿಲ್ಲ. ಕಿಟಕಿ ಎನ್ನುವುದಕ್ಕೆ ಫಿ-ನೆ-ಸ್ತ್ರ. ಅರೆ, ನಮ್ಮ 'ಸ್ತ್ರ' ಎಂದು ನನಗೆ ಸಂತೋಷವಾಯಿತು. 'ಕಿಟಕಿ' ಎನ್ನುವ ಅರ್ಥ ಮಾತ್ರ ಅವರೇ ಹೇಳಿದ್ದು. ಪಾಠದ ಉದಾಹರಣೆಗಳಿಗೆ ಕೊಟ್ಟ ಮಾತಿನಿಂದ ವಿನಾಯಿತಿ ಇರಲಿ ಎಂದರು.

ತುಂಡು ಮಾಡುವುದು ಬಂತು. ಆದರೂ ಕಾಗದ ಅವರಿಗೆ ಮುಟ್ಟುತ್ತಿರಲಿಲ್ಲ. ನಾನು ಪ್ರಸ್ತಾರ ಹಾಕಿ, ಒತ್ತಕ್ಷರದ ಹಿಂದಿನದು ಗುರು, ದೀರ್ಘ ಇದ್ದರೆ ಗುರು ಎಂದು ಗುರುತು ಮಾಡಿ, ಗುರು ಬಂದಲ್ಲೆಲ್ಲ ಗುದ್ದಿ ಗುದ್ದಿ ಓದುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 'ಗಲ್ಲಿನ' ಎನ್ನುವ ಪದದಲ್ಲಿ ನಾನು 'ಗಲ್' ಗುದ್ದಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒತ್ತು, ಎಂದರೆ ದನಿಯ ಭಾರ, 'ಲಿ' ಮೇಲಂತೆ.

"ಎಲ್ಲ ಗುರುವಿಗೂ ನಮಸ್ಕಾರ ಮಾಡಬೇಡಿ ಟೀಚರ್. ಒಂದು ಪದಕ್ಕೆ ಒಂದೇ ಒತ್ತು. ಒಂದು ಮನೆಗೆ ಒಬ್ಬಳೇ ಯಜಮಾನಿ ಇದ್ದ ಹಾಗೆ."

"ನಮ್ಮನೇಲಿ ಇಬ್ಬರು" ಎಂದೆ.

"ಅದಕ್ಕೇ ಅಷ್ಟು ಗಲಾಟೆ" ಎಂದರು.

ಒಪ್ಪಿದೆ, ಆದರೆ ಬಾಯಿಗೆ ಬರಬೇಕಲ್ಲ. ಬಿಲ್ಡಿಂಗಿನ ಕೆಳಗೆ ಉಡುಪಿಯವರ ಹೋಟೆಲೊಂದಿತ್ತು. ಒಂದು ಸಂಜೆ ಶಾಲೆಯಿಂದ ಬರುತ್ತಾ ಅಲ್ಲಿ ಕಾಫಿಗೆ ಕೂತಿದ್ದೆ. ಸಪ್ಲೈಯರ್ ಐತ ಅಡಿಗೆಮನೆಯ ಕಡೆ ತಿರುಗಿ ಆರ್ಡರು ಕೂಗುತ್ತಿದ್ದ. ಹತ್ತು ವರ್ಷದಿಂದ ಕೇಳುತ್ತಿದ್ದ ಕೂಗನ್ನು ಅವತ್ತು ಮೊದಲ ಸಲ ಕೇಳಿಸಿಕೊಂಡೆ. "ದೋ ಮಸಾಆಆಲೆ!" ಒಂದೇ ಕಡೆ ಎಳೆತ. ಮಿಕ್ಕದ್ದನ್ನು ಹಗುರವಾಗಿ ಮುಟ್ಟಿ ಬಿಡುತ್ತಿದ್ದ, ಆದರೆ ಒಂದನ್ನೂ ನುಂಗುತ್ತಿರಲಿಲ್ಲ.

"ಯಾಕೋ ಐತ, ಎಲ್ಲಾನೂ ಗಟ್ಟಿಯಾಗಿ ಹೇಳಬಾರದಾ?" ಎಂದು ಕೇಳಿದೆ.

"ಎಲ್ಲ ಗಟ್ಟಿ ಹೇಳಿದ್ರೆ ಒಳಗೆ ಏನೂ ತಿಳಿಯುದಿಲ್ಲ ಅಕ್ಕ. ಒಲೆ ಸದ್ದು ಉಂಟಲ್ಲ. ಒಂದನ್ನು ಎಳೆದ್ರೆ ಸಾಕು, ಮತ್ತೆಲ್ಲ ಭಟ್ರಿಗೆ ಅಂದಾಜಾಗ್ತದೆ" ಎಂದ. ಹತ್ತು ಪಂಡಿತರಿಂದ ಆಗದ ಪಾಠ ಒಂದು ಕಾಫಿಗೆ ಆಯಿತು.

ಯಾವುದನ್ನು ಎಳೆಯಬೇಕು ಎನ್ನುವುದಕ್ಕೂ ಒಂದು ಕ್ರಮವಿತ್ತು. ಹೆಚ್ಚಿನ ಪದಗಳಲ್ಲಿ ಕೊನೆಯದಕ್ಕಿಂತ ಹಿಂದಿನ ತುಂಡು. ಕೊನೆಯದರ ಮೇಲೇ ಒತ್ತಿದ್ದರೆ ಅಕ್ಷರದ ತಲೆಯ ಮೇಲೆ ಗೆರೆ ಬರೆದಿರುತ್ತಾರೆ. ಕೊನೆಯಿಂದ ಮೂರನೆಯದರ ಮೇಲಿದ್ದರೆ ಮಾತ್ರ ಕಷ್ಟ, ಗುರುತೇ ಇರುವುದಿಲ್ಲ. ಜೇನೊವ ಎನ್ನುವ ಊರಿನ ಹೆಸರು ಹಾಗೆ. ಗುರುತಿಲ್ಲದಿದ್ದರೆ ನಿಮ್ಮ ಮಕ್ಕಳು ಕಲಿಯುವುದು ಹೇಗೆ ಎಂದು ಕೇಳಿದೆ.

"ಅಮ್ಮನ ಬಾಯಿಂದ" ಎಂದರು ಮಿಸೆಸ್ ಲೋಬೊ. ಅಷ್ಟು ಹೇಳಿ ಅವತ್ತಿನ ಪಾಠ ನಿಲ್ಲಿಸಿಬಿಟ್ಟರು.

ದೀಪಾವಳಿ ಕಳೆದು ಎರಡನೆಯ ವಾರ ಮೊದಲ ಕಾಗದವನ್ನು ತಡೆಯಿಲ್ಲದೆ ಓದಿದೆ. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಎದುರಿಗೆ ಕೂತವರ ಮುಖ ಕಾಣುತ್ತಿತ್ತಲ್ಲ. ಒಂದು ಕಡೆ ನಕ್ಕರು, ಒಂದು ಕಡೆ ತಂಗಿಯನ್ನು ಬೈದರು, ಒಂದು ಕಡೆ "ಆ ದ್ರಾಕ್ಷಿ ಚಪ್ಪರ ಇನ್ನೂ ಇದೆಯಂತೆ" ಎಂದು ತಾವೇ ಅರ್ಥ ಹೇಳಿಬಿಟ್ಟು ನಾಲಗೆ ಕಚ್ಚಿಕೊಂಡರು. 'ಮಾಮ್ಮ' ಎನ್ನುವ ಪದ ಬಂದಾಗ ಮಾತ್ರ ಅವರ ಬೆರಳುಗಳು ಕುರ್ಚಿಯ ಕೈ ಹಿಡಿಯುತ್ತಿದ್ದವು. ಆ ಪದಕ್ಕೆ ನಿಘಂಟು ಯಾರಿಗೂ ಬೇಡ. ಓದಿ ಮುಗಿಸಿದಾಗ, "ನನ್ನ ಹೆಸರು ಬಂತಾ ಎಲ್ಲಾದರೂ?" ಎಂದು ಕೇಳಿದರು. ಅವರ ಹೆಸರು ನಿಕೊಲೆತ್ತ. ಬಂದಿರಲಿಲ್ಲ. ಎರಡನೆಯ ಕಾಗದದಲ್ಲೂ ಬರಲಿಲ್ಲ.

ಎರಡನೆಯದನ್ನು ಓದಿ ಮುಗಿಸಿದ ದಿನ ಅವರಾಗಿ ಹೇಳಿದರು. ಪಿಟೀಲಿನವನ ಜೊತೆ ಹೊರಟ ದಿನ ತಾಯಿ ಬಾಗಿಲಲ್ಲಿ ನಿಂತು, ಈ ಹೆಸರು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಶಿಲುಬೆ ಮುಟ್ಟಿ ಆಣೆಯಿಟ್ಟರಂತೆ. ಹಾಗೆಯೇ ನಡೆದುಕೊಂಡರಂತೆ. ತಂಗಿ ವರ್ಷಕ್ಕೆರಡು ಕಾಗದ ಬರೆದು ಅಮ್ಮ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳೇ ಹೊರತು, ಅಮ್ಮ ನಿನ್ನನ್ನು ಕೇಳಿದಳು ಎಂದು ಒಂದು ಸಲವೂ ಬರೆಯಲಿಲ್ಲ. ಅಕ್ಕನ ಸಮಾಧಾನಕ್ಕೆಂದು ಸುಳ್ಳು ಹೇಳುವ ಜಾತಿಯಲ್ಲ ಆಕೆ. "ಎಂಬತ್ತು ದಾಟಿತು ಅಮ್ಮನಿಗೆ. ಒಂದು ಸಲ ನನ್ನ ಹೆಸರು ಹೇಳಿದರೆ ಸಾಕು. ಬೈಯಲಿಕ್ಕಾದರೂ ಸರಿ" ಎಂದರು. ಮೂವತ್ತು ವರ್ಷ ಅವರು ಕಾಗದ ತೆರೆದದ್ದೆಲ್ಲ ಆ ಒಂದು ಪದಕ್ಕಾಗಿ. ನನಗೆ ಆ ಮುದುಕಿಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ನನ್ನ ಗಂಟಲಿನ ಪೂರ್ತಿ ರುಚಿ ತೋರಿಸುತ್ತಿದ್ದೆ.

ಮೂರನೆಯ ಕಾಗದವನ್ನು ಮನೆಗೆ ತಂದೆ. ಮೊದಲೇ ಪೆನ್ಸಿಲಿನಲ್ಲಿ ತುಂಡು ಮಾಡಿ, ಎಳೆಯುವ ಕಡೆ ಗುರುತು ಹಾಕಿಕೊಂಡರೆ ಭಾನುವಾರ ತಡೆಯಿಲ್ಲದೆ ಓದಬಹುದು. ಕಾಗದದ ಸುತ್ತ ಕಪ್ಪು ಅಂಚಿತ್ತು. ನಮ್ಮಲ್ಲಿ ಮದುವೆ ಕಾಗದದ ಮೂಲೆಗಳಿಗೆ ಅರಿಶಿನ ಹಚ್ಚುವುದಿಲ್ಲವೆ, ಅಂಥದೇ ಏನೋ ಅಲಂಕಾರ ಎಂದುಕೊಂಡೆ. ತಂಗಿ ಈ ಸಲ ಅಂಚು ಕಟ್ಟಿದ ಕಾಗದ ಕಳಿಸಿದ್ದಾಳೆ ಎಂದು ಅವರಿಗೆ ಹೇಳಲು ಬಾಯಿಗೂ ಬಂದಿತ್ತು. ಯಾವ ದೇವರು ತಡೆದನೋ ಕಾಣೆ.

ಭಾನುವಾರ ಬೆಳಗ್ಗೆ ಪೆನ್ಸಿಲ್ ಹಿಡಿದು ಕೂತೆ. ಮೊದಲನೆಯ ಸಾಲು ಚಿಕ್ಕದು. ಲ ಮಾಮ್-ಮ ಎ ಮೊರ್-ತ. ಮೊರ್ ಮೇಲೆ ಗುರುತು ಹಾಕಿದೆ. ಮೊರ್ತ. ಮೊರ್ತ, ಮೃತ. ಕೈ ಅಲ್ಲೇ ನಿಂತಿತು. ಕಪ್ಪು ಅಂಚು ನೋಡಿದೆ. ಇದು ಅಲಂಕಾರವಲ್ಲ ಎಂದು ತಿಳಿಯಲು ಆಗ ಯಾವ ಪಾಂಡಿತ್ಯವೂ ಬೇಕಾಗಲಿಲ್ಲ. ಕಾಗದ ಬಂದೇ ಐದು ತಿಂಗಳಾಗಿತ್ತು. ಮುಂದಿನ ಪುಟ ತಿರುಗಿಸದೆ ಪೆನ್ಸಿಲ್ ಕೆಳಗಿಟ್ಟೆ.

ಅರ್ಥ ಹುಡುಕುವುದಿಲ್ಲ ಎಂದು ಮಾತು ಕೊಟ್ಟವಳು ನಾನು. ಹುಡುಕಿರಲಿಲ್ಲ, ಅದೇ ಬಂದು ಎದುರಿಗೆ ನಿಂತಿತ್ತು. ಹೇಳಿದರೆ ಮಾತು ತಪ್ಪಿದಂತೆ. ಹೇಳದೆ ಹೋದರೆ, ಒಬ್ಬರ ತಾಯಿಯ ಸಾವನ್ನು ಗಿಣಿಯ ಹಾಗೆ ಒದರಿದಂತೆ. ಆ ಹೆಸರಿನ ಆಸೆ ಬೇರೆ ಅಲ್ಲಿಗೆ ಮುಗಿದುಹೋಗಿತ್ತು.

"ಏನೇ ಅದು, ಗರ ಬಡಿದೋರ ಹಾಗೆ ಕೂತಿದ್ದೀಯ?" ಎಂದರು ಅತ್ತೆ.

"ಅವರ ತಾಯಿ ಹೋಗ್ಬಿಟ್ಟಿದಾರೆ ಅತ್ತೆ. ಅವರಿಗಿನ್ನೂ ಗೊತ್ತಿಲ್ಲ. ಈಗ ಹೋಗಿ ನಾನು ಓದಬೇಕು."

ಬೇರೆ ದಿನವಾಗಿದ್ದರೆ ಅತ್ತೆ ಹತ್ತು ಮಾತು ಸೇರಿಸುತ್ತಿದ್ದರು. ಅವತ್ತು ಎದ್ದು ಸೀದಾ ಒಲೆಯ ಮುಂದೆ ಹೋದರು. "ಹಸಿದ ಹೊಟ್ಟೆಗೆ ಸಾವಿನ ಸುದ್ದಿ ಹಾಕಬಾರದು. ಕೇಳಿದ್ಮೇಲೆ ಎಷ್ಟು ಹೊತ್ತು ಅನ್ನ ಇಳಿಯಲ್ವೋ ಏನೋ, ಮಾಡಿ ಹಾಕೋಕಾದ್ರೂ ಯಾರಿದಾರೆ ಪಾಪ. ಮೊದಲು ಉಣ್ಣಿಸು. ಆಮೇಲೆ ಓದು" ಎಂದರು. ಖಾರ ಕಮ್ಮಿ ಹಾಕಿ, ತುಪ್ಪ ಹೆಚ್ಚು ಹಾಕಿ ಬಿಸಿಬೇಳೆ ಅನ್ನ ಮಾಡಿ ಡಬ್ಬಿಗೆ ತುಂಬಿಕೊಟ್ಟರು.

ಮಿಸೆಸ್ ಲೋಬೊ ನನ್ನ ಹೆಜ್ಜೆ ಕೇಳಿಯೇ ಕುರ್ಚಿ ಸರಿಸಿ ಕೂತರು. ಮೊದಲು ಊಟ ಮಾಡಿ, ಆಮೇಲೆ ಕಾಗದ ಎಂದೆ. ಊಟಕ್ಕೆ ಇನ್ನೂ ಹೊತ್ತಿದೆ ಎಂದರು. ಅತ್ತೆ ಕಳಿಸಿದ್ದಾರೆ, ಆರಿಹೋಗುತ್ತೆ ಎಂದೆ. ತಟ್ಟೆಗೆ ಬಡಿಸಿ ಚಮಚ ಕೈಗಿತ್ತೆ. ಎರಡು ತುತ್ತು ತಿಂದರು, ಚೆನ್ನಾಗಿದೆ ಎಂದರು. ಮೂರನೆಯ ತುತ್ತು ಬಾಯಿಯ ಹತ್ತಿರ ಹೋಗಿ ನಿಂತಿತು.

"ಲೋಬೊ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ" ಎಂದರು, "ಕೆಳಗಿನ ಹೋಟೆಲಿನವರು ಮೇಲೆ ಬಂದು ನನಗೆ ಇಡ್ಲಿ ತಿನ್ನಿಸಿದರು. ತಿನ್ನಿ, ತಿನ್ನಿ ಅಂತ ಬಲವಂತ. ಯಾಕೆ ಅಂತ ತಿಂದ ಮೇಲೆ ಗೊತ್ತಾಯಿತು. ನಿಮ್ಮ ಜನ ಎಲ್ಲ ಒಂದೇ."

ನಾನು ಖಾಲಿ ಡಬ್ಬಿಗೆ ಮುಚ್ಚಳ ಹಾಕತೊಡಗಿದೆ.

"ನಿಮಗೆ ಅರ್ಥ ಆಗಿದೆ."

"ಒಂದೇ ಪದ" ಎಂದೆ. "ಹುಡುಕಲಿಲ್ಲ. ನಮ್ಮಲ್ಲೂ ಅಂಥದೇ ಪದ ಇದೆ."

ಅವರು ಯಾವ ಪದ ಎಂದು ಕೇಳಲಿಲ್ಲ. ತಟ್ಟೆಯಲ್ಲಿದ್ದದ್ದನ್ನೆಲ್ಲ ನಿಧಾನವಾಗಿ, ಒಂದಗುಳೂ ಬಿಡದೆ ತಿಂದರು. ನೀರು ಕುಡಿದರು. ಬಾಯಿ ಒರೆಸಿಕೊಂಡು ನೆಟ್ಟಗೆ ಕೂತರು. "ಈಗ ಓದಿ. ಎಲ್ಲೂ ಎಡವಬೇಡಿ. ಅಮ್ಮನ ವಿಷಯ, ಸರಿಯಾಗಿ ಕೇಳಿಸಬೇಕು ನನಗೆ" ಎಂದರು.

ಎಡವಲಿಲ್ಲ. ಲ ಮಾಮ್ಮ ಎ ಮೊರ್ತ. ಎಲ್ಲಿ ಎಳೆಯಬೇಕೋ ಅಲ್ಲಿ ಮಾತ್ರ ಎಳೆದೆ, ಮಿಕ್ಕದ್ದನ್ನು ಹಗುರವಾಗಿ ಮುಟ್ಟಿದೆ. ಅವರು ಕಣ್ಣು ಮುಚ್ಚಿ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿಕೊಂಡು, ಮುಂದೆ ಎನ್ನುವಂತೆ ಕೈ ಆಡಿಸಿದರು. ಮೊದಲ ಪುಟ ಮುಗಿಯಿತು. ಎರಡನೆಯ ಪುಟಕ್ಕೆ ನನ್ನ ಪೆನ್ಸಿಲ್ ತಾಗಿರಲಿಲ್ಲ. ಕಂಡ ಪದವನ್ನು ಕಂಡಲ್ಲೇ ತುಂಡು ಮಾಡಿಕೊಂಡು ನಿಧಾನವಾಗಿ ಓದುತ್ತಾ ಹೋದೆ. ಪುಟದ ಮಧ್ಯದಲ್ಲಿ ಒಂದು ಪದ ಆಗಲೇ ತುಂಡಾಗಿ ಕೂತಿತ್ತು. ಇದ್ದ ಹಾಗೇ ಓದಿದೆ. "ನಿ... ಕೊ... ಲೆತ್... ತ."

ಮಿಸೆಸ್ ಲೋಬೊ ನನ್ನ ಮಣಿಕಟ್ಟು ಹಿಡಿದುಕೊಂಡರು. "ಯಾಕೆ ಒಡೆದು ಓದ್ತೀರಿ? ನನ್ನ ಹೆಸರು ನಿಮಗೆ ಗೊತ್ತಿಲ್ಲವಾ? ಸರಿಯಾಗಿ ಓದಿ."

"ನಾನು ಒಡೆದಿಲ್ಲ. ಬರೆದಿರೋದೇ ಹೀಗೆ. ನಡು ನಡುವೆ ಚುಕ್ಕಿ ಇಟ್ಟು ಬರೆದಿದ್ದಾರೆ."

"ಹಿಂದಿನ ಸಾಲು ಇನ್ನೊಂದು ಸಲ ಓದಿ" ಎಂದರು. ಓದಿದೆ. ಮುಂದಿನದನ್ನೂ ಓದಿದೆ. ಮೂರು ಸಲ ಓದಿಸಿದರು. ಕೊಟ್ಟ ಮಾತು, ತೆಗೆದುಕೊಂಡ ಮಾತು ಎಲ್ಲವನ್ನೂ ಬಿಟ್ಟು ಅವರೇ ಹಿಂದಿಯಲ್ಲಿ ಹೇಳತೊಡಗಿದರು. ತಾಯಿಗೆ ಲಕ್ವ ಹೊಡೆದು ನಾಲಗೆ ಬಿದ್ದುಹೋಗಿತ್ತಂತೆ. ನೀರು ಬೇಕಾದರೂ ಕೈಸನ್ನೆ. ಒಂದು ದಿನ ಬೆಳಗ್ಗೆಯಿಂದ ಬರೀ 'ನಿ', 'ನಿ'. ಏನು ಕೇಳುತ್ತಿದ್ದಾಳೆ ಎಂದು ಯಾರಿಗೂ ತಿಳಿಯಲಿಲ್ಲವಂತೆ. ಮಾರನೆಯ ದಿನ ಅದಕ್ಕೆ 'ಕೊ' ಸೇರಿತು. ತಂಗಿ ಓಡಿಬಂದು ಹಾಸಿಗೆಯ ಪಕ್ಕ ಕೂತಳು, ಆದರೆ ತಾನಾಗಿ ಪೂರ್ತಿ ಮಾಡಿ ಹೇಳಿಕೊಡಲಿಲ್ಲ. ನಾಲ್ಕನೆಯ ದಿನ ಸಂಜೆಗೆ ನಾಲ್ಕು ತುಂಡೂ ಆಯಿತು. ಆಮೇಲೆ ಹೋಗುವವರೆಗೂ ಅದೊಂದೇ ಮಾತಂತೆ. ನಾನು ಕೂಡಿಸಿ ಬರೆಯುವುದಿಲ್ಲ ಅಕ್ಕ, ಅಮ್ಮ ಹೇಳಿದ ಹಾಗೇ ಬರೆದಿದ್ದೇನೆ ಎಂದಿದ್ದಳು ತಂಗಿ.

ಓದುವವರು ಅಳಬಾರದೆಂದೇ ನನ್ನನ್ನು ಆರಿಸಿದ್ದು. ನಾನು ಅಳುತ್ತಿದ್ದೆ. ಬೈಯಬೇಕೆಂದಿದ್ದ ಮುದುಕಿಗೆ ಮನಸ್ಸಿನಲ್ಲೇ ಕೈಮುಗಿದೆ.

"ಟೀಚರ್" ಎಂದರು ಮಿಸೆಸ್ ಲೋಬೊ, "ಚೆನ್ನಾಗಿ ನೋಡಿ ಹೇಳಿ. ಯಾವುದರ ಮೇಲೆ ಒತ್ತು ಅಂತ ಏನಾದರೂ ಗುರುತು ಇದೆಯಾ?"

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. "ಲೆತ್ ಕೆಳಗೆ ಗೆರೆ ಎಳೆದಿದ್ದಾರೆ."

ಅವರು ನಕ್ಕುಬಿಟ್ಟರು. ನಗುತ್ತಾ ನಗುತ್ತಾ ಕೆನ್ನೆಯೆಲ್ಲ ಒದ್ದೆಯಾಯಿತು. "ನೋಡಿದಿರಾ? ನಾಲಗೆ ಹೋದರೂ ಒತ್ತು ತಪ್ಪಲಿಲ್ಲ ಅಮ್ಮನಿಗೆ! ಮೂವತ್ತು ವರ್ಷದಲ್ಲಿ ಮರೆಯಲಿಲ್ಲ!"

ಅವತ್ತೇ ಉತ್ತರ ಬರೆಸಿದರು. ಅವರು ತುಂಡು ತುಂಡಾಗಿ ಹೇಳುವುದು, ನಾನು ಕೂಡಿಸಿ ಬರೆಯುವುದು. ಒಂದೊಂದು ಸಾಲು ಮುಗಿದ ಮೇಲೂ ಅದರ ಅರ್ಥ ಹೇಳಿದರು. ಇನ್ನು ಮೇಲೆ ತಿಳಿಯದೆ ಬರೆಯಬೇಡಿ, ಓದಬೇಡಿ ಎಂದರು. ಬೇಸಿಗೆಗೆ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ಆಮೇಲೆ ಹಡಗು ಹತ್ತುತ್ತೇನೆ, ಅಮ್ಮನ ಸಮಾಧಿಗೆ ನಾನೇ ಬರುತ್ತೇನೆ ಎಂದು ಬರೆಸಿದರು. ಕೆಳಗೆ ಸಹಿಗೆ ಬಂದಾಗ ನಾನು ತಡೆದೆ. ಹೇಗೆ ಬರೆಯಲಿ ಎಂದು ಕೇಳಿದೆ.

"ಇಷ್ಟು ವರ್ಷ ಬರೀ ಒಂದಕ್ಷರ ಹಾಕ್ತಾ ಇದ್ದೆ. ಕಾಗದ ಅಮ್ಮನ ಕಣ್ಣಿಗೆ ಬಿದ್ದರೆ ಹೆಸರು ಕಂಡು ಬೇಸರ ಆಗಬಾರದು ಅಂತ" ಎಂದು ಕೈ ಚಾಚಿದರು. "ಕೊಡಿ. ಇದನ್ನು ನಾನು ಬರೀತೀನಿ."

ಪೆನ್ನನ್ನು ಬೆರಳುಗಳ ನಡುವೆ ಇಟ್ಟು, ತುದಿಯನ್ನು ಕಾಗದದ ಮೇಲೆ ಹಿಡಿದು ಬಿಟ್ಟೆ. ಕಾಣದ ಕಣ್ಣಿನಿಂದ ಅದನ್ನೇ ನೋಡುತ್ತಾ, ಬಾಯಲ್ಲಿ ಒಂದೊಂದೇ ತುಂಡು ಹೇಳಿಕೊಳ್ಳುತ್ತಾ ಬರೆದರು. ಅಕ್ಷರಗಳು ದೊಡ್ಡವಾಗಿದ್ದವು, ಸಾಲು ಮೇಲಕ್ಕೇರುತ್ತಾ ಹೋಯಿತು, ಕೊನೆಯ ತುಂಡು ಕಾಗದ ದಾಟಿ ಮೇಜಿನ ಮರದ ಮೇಲೆ ಬಿತ್ತು. ನಾನು ಅದನ್ನು ಒರೆಸಲಿಲ್ಲ.